ಇಂದ್ರಾಣಿ ಹೊಳೆಯ ಉಸಿರು

ಹರಿಯುವ ನೀರು ತನ್ನನ್ನು ತಾನೇ ಶುದ್ಧಿಗೊಳಿಸಿಕೊಳ್ಳುತ್ತದೆಂಬುದು ಹಿರಿಯರ ನಂಬಿಕೆ. ಈ ಮಾತಿನಲ್ಲಿ ಹುರುಳುಂಟು. ಆದರೆ ಆ ಶಕ್ತಿಗೆ ಮಿತಿಯೂ ಉಂಟು. ಅದನ್ನರಿಯಲು ಉಡುಪಿಯ ಇಂದ್ರಾಣಿ ಹೊಳೆಯನ್ನು ನೋಡಬಹುದು.

ಮಣಿಪಾಲದ ಎತ್ತರದ ನೆಲದ ಕೆಳಗೆ, ಇಂದ್ರಾಣಿ ತೀರ್ಥದ ಬಳಿ ಹುಟ್ಟುವ ಈ ಹೊಳೆ ಕಲ್ಸಂಕದ ಮೂಲಕ ನಗರವನ್ನು ಹಾದು, ಕೊಡವೂರು, ಕಲ್ಮಾಡಿಗಳ ಕಡೆಗೆ ಹರಿದು, ಮಲ್ಪೆಯ ಬಳಿ ಕಡಲ ಹಿನ್ನೀರನ್ನು ಸೇರುತ್ತದೆ. ಕೆಲವೇ ಕಿಲೋಮೀಟರುಗಳ ಈ ದಾರಿಯಲ್ಲಿ ನಗರದ ಕೊಳೆನೀರೂ ಅದನ್ನು ಕೂಡಿಕೊಳ್ಳುತ್ತದೆ.

ಕೊಳೆಯನ್ನು ತಿಂದು ಮುಗಿಸುವವು ನೀರಿನಲ್ಲಿರುವ ಸೂಕ್ಷ್ಮಜೀವಿಗಳು. ಅವುಗಳ ಉಸಿರಿಗೆ ಆಮ್ಲಜನಕ ಬೇಕು. ನಮ್ಮ ಕರಾವಳಿಯ ಸೆಕೆಯಲ್ಲಿ ಒಂದು ಲೀಟರು ಶುದ್ಧ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 7.5 ಮಿಲಿಗ್ರಾಂ. ಮನೆಗಳ ಒಂದು ಲೀಟರು ಕೊಳೆನೀರನ್ನು ಜೀರ್ಣಿಸಲು ಸಾಮಾನ್ಯವಾಗಿ 200 ಮಿಲಿಗ್ರಾಂನಷ್ಟು ಬೇಕು. ಎಂದರೆ, ಒಂದು ಲೀಟರು ಕೊಳೆ ಸುಮಾರು 27 ಲೀಟರು ಒಳ್ಳೆಯ ನೀರಿನ ಉಸಿರನ್ನೆಲ್ಲ ಹೀರಬಲ್ಲುದು! ಗಾಳಿಯಿಂದ ಹೊಸ ಆಮ್ಲಜನಕ ಕರಗುವುದು ನಿಜ. ಆದರೆ ನಿಂತ ನೀರಿನಲ್ಲಿ ಆ ಕೆಲಸ ಬಲು ನಿಧಾನ. ಆಮ್ಲಜನಕ ತೀರಿದ ಮೇಲೆ, ಅದಿಲ್ಲದೆ ಬದುಕುವ ಬೇರೆ ಜೀವಿಗಳು ತಲೆಯೆತ್ತುತ್ತವೆ. ಕೊಳೆತ ಮೊಟ್ಟೆಯ ನಾತವೂ ನೀರಿನ ಕಪ್ಪು ಬಣ್ಣವೂ ಇವುಗಳ ಕೆಲಸ.

ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆಗ ಹೊಳೆ ತುಂಬಿ ಹರಿದು ಕೊಳೆಯನ್ನು ಕೊಚ್ಚಿಕೊಂಡು ಹೋಗುತ್ತದೆ. ಬೇಸಗೆಯಲ್ಲಿ ಒರತೆಯ ನೀರು ಸೊರಗುತ್ತದೆ, ಕೊಳೆನೀರು ಮಾತ್ರ ಎಂದಿನಂತೆ ಬರುತ್ತದೆ. ಕೆಳಪಾತ್ರದಲ್ಲಿ ಕಡಲಿನ ಉಬ್ಬರವು ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗೆ ನಿಂತ ನೀರು ಮರಳಿನ, ಮುರಕಲ್ಲಿನ ಸಂದುಗಳಲ್ಲಿ ಇಳಿದು ಬಾವಿಗಳನ್ನು ಮುಟ್ಟುತ್ತದೆ. ಹೊಳೆಯಂಚಿನ ಜನರ ದೂರು ಇದೇ. ಇಂಥ ಬಾವಿಯ ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಅದರಲ್ಲಿ ಕರಗಿದ ಉಪ್ಪು ಹೋಗದು.

ಪರಿಹಾರವನ್ನು ಹೊಳೆಯೇ ಕಲಿಸಿದೆ. ಕೊಳೆನೀರನ್ನು ತೊಟ್ಟಿಯಲ್ಲಿ ತುಂಬಿ, ಗಾಳಿಯೂದಿ, ಅದೇ ಸೂಕ್ಷ್ಮಜೀವಿಗಳಿಂದ ಕೆಲವೇ ಗಂಟೆಗಳಲ್ಲಿ ಶುದ್ಧಿ ಮಾಡಿಸುವ ವಿಧಾನವನ್ನು 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಪ್ರಕಟಿಸಿದರು. ಉಡುಪಿಯ ನಿಟ್ಟೂರಿನಲ್ಲಿಯೂ ನಗರಸಭೆಯ ಶುದ್ಧೀಕರಣ ಘಟಕವಿದೆ. ಆದರೆ ಕೊಳವೆಯ ಮೂಲಕ ತನ್ನ ಬಳಿಗೆ ಬಂದ ನೀರನ್ನಷ್ಟೇ ಘಟಕವು ಶುದ್ಧಿ ಮಾಡಬಲ್ಲುದು. ಮಳೆನೀರ ಚರಂಡಿಗೆ ನಾವು ಬಿಟ್ಟ ಬಚ್ಚಲ ನೀರು ನೇರವಾಗಿ ಹೊಳೆಗೆ ಹೋಗುತ್ತದೆ. ಅಲ್ಲಿಂದ ಕೆಳಗಿನ ಊರಿನವರ ಬಾವಿಗೆ ಬಹಳ ದೂರವಿಲ್ಲ.