ಸೆರೆಂಗೆಟಿಯಲ್ಲಿ ಎಣಿಕೆಗೆ ಹೋದ ತಂದೆ-ಮಗ

ಟಾಂಜಾನಿಯಾ ದೇಶದ ಗೊರೊಂಗೊರೊ ಎಂಬ ಆರಿದ ಜ್ವಾಲಾಮುಖಿಯ ಅಂಚಿನಲ್ಲಿ, ಸೆರೆಂಗೆಟಿಯ ಕಡೆಗೆ ಸಾಗುವ ಹಾದಿಯ ಬದಿಗೆ, ಕಲ್ಲು ಪೇರಿಸಿ ಕಟ್ಟಿದ ಸಮಾಧಿಯೊಂದುಂಟು. ಸಿಂಹವನ್ನು ಕಾಣುವ ಆತುರದಿಂದ ಬಂದ ಪ್ರವಾಸಿಯು ಅಲ್ಲಿ ಒಂದು ಗಳಿಗೆ ನಿಂತು ಮುಂದುವರಿಯುವುದು ಲೇಸು. ಅಲ್ಲಿ ಮಲಗಿರುವಾತ ಇಪ್ಪತ್ತನಾಲ್ಕರ ತರುಣ, ಮೈಕೇಲ್ ಗ್ಜಿಮೆಕ್.

ಸೆರೆಂಗೆಟಿಯು ರಾಷ್ಟ್ರೀಯ ಉದ್ಯಾನವಾದದ್ದು 1951ರಲ್ಲಿ. ಕೆಲವೇ ವರ್ಷಗಳಲ್ಲಿ ಅಂದಿನ ಬ್ರಿಟಿಷ್ ಆಡಳಿತವು ಅದರ ಒಂದು ಭಾಗವನ್ನು ಬೇರ್ಪಡಿಸಿ ಮಸಾಯಿ ಗೋಪಾಲಕರಿಗೆ ಬಿಟ್ಟುಕೊಡಲು ಯೋಚಿಸಿತು. ಆದರೆ ಅಲ್ಲಿನ ಮೃಗಗಳೆಷ್ಟು? ಅವು ಯಾವ ಕಾಲದಲ್ಲಿ ಎಲ್ಲಿಗೆ ಹೋಗುತ್ತವೆ? ಇದನ್ನು ಅರಿಯಲು ಫ್ರಾಂಕ್‌ಫರ್ಟ್ ಮೃಗಾಲಯದ ನಿರ್ದೇಶಕ ಬರ್ನ್‌ಹಾರ್ಡ್ ಗ್ಜಿಮೆಕ್ ತಮ್ಮ ಮಗನೊಡನೆ ಹೊರಟರು. ಇಬ್ಬರೂ ಅದಕ್ಕಾಗಿಯೇ ವಿಮಾನ ನಡೆಸಲು ಕಲಿತರು. ಪುಟ್ಟ ವಿಮಾನಕ್ಕೆ ಜೀಬ್ರಾದಂತೆ ಕಪ್ಪು-ಬಿಳಿ ಪಟ್ಟೆ ಬಳಿಸಿದರು. ಬಯಲಿನ ಮೇಲೆ ತಗ್ಗಿ ಹಾರುತ್ತ ಎಣಿಸಿದಾಗ ಲೆಕ್ಕವು ಮೂರೂವರೆ ಲಕ್ಷವನ್ನು ಮೀರಿತು. ಮೃಗಗಳ ಹಿಂಡುಗಳು ಹೊಸ ಗಡಿಯ ಆಚೆಗೂ ಮೇವನ್ನು ಅರಸಿ ಹೋಗುವುದೂ ಕಂಡುಬಂದಿತು.

1959ರ ಜನವರಿ 10ರಂದು ಮೈಕೇಲ್ ಒಬ್ಬನೇ ಹಾರುತ್ತಿದ್ದ. ರಣಹದ್ದೊಂದು ರೆಕ್ಕೆಗೆ ಬಡಿದು ವಿಮಾನ ನೆಲಕ್ಕುರುಳಿತು. ಮಗನನ್ನು ಮಣ್ಣು ಮಾಡಿದ ತಂದೆ, ಇಬ್ಬರೂ ಕೂಡಿ ತೊಡಗಿದ್ದ ಚಲಚ್ಚಿತ್ರವನ್ನು ಮುಗಿಸಿದರು. ಅದರ ಹೆಸರು ‘ಸೆರೆಂಗೆಟಿ ಸಾಯಬಾರದು’. 1960ರಲ್ಲಿ ಅದಕ್ಕೆ ಆಸ್ಕರ್ ಪ್ರಶಸ್ತಿ ಬಂದಿತು. ಗಡಿಯೇನೋ 1959ರಲ್ಲಿಯೇ ಬದಲಾಗಿಹೋಗಿತ್ತು.

ಇಲ್ಲಿ ಇನ್ನೊಂದು ನೋವನ್ನೂ ಮರೆಯಲಾಗದು. ದನಗಾಹಿಗಳಿಗೆ ಉದ್ಯಾನದಲ್ಲಿ ಎಡೆಯಿರಕೂಡದೆಂಬುದು ಹಿರಿಯ ಗ್ಜಿಮೆಕ್ ಅವರ ನಿಲುವು. ಅಲ್ಲಿದ್ದ ಮಸಾಯಿಗಳು ತಮ್ಮ ಹುಲ್ಲುಗಾವಲನ್ನೂ ನೀರಿನ ನೆಲೆಯನ್ನೂ ತೊರೆದು ಗೊರೊಂಗೊರೊ ಕಡೆಗೆ ಸರಿಯಬೇಕಾಯಿತು. ಆದರೆ ವಿಧಿಯ ಬಗೆಯನ್ನು ನೋಡಿ! ನಮ್ಮ ರೈತರು ‘ದೊಡ್ಡರೋಗ’ವೆಂದು ನಡುಗುತ್ತಿದ್ದ ಪಿಡುಗೇ ಅಲ್ಲಿನ ವಿಲ್ಡಬೀಸ್ಟ್ ಎಂಬ ಗಡ್ಡದ ಹುಲ್ಲೆಯ ಕರುಗಳನ್ನೂ ಕೊಲ್ಲುತ್ತಿತ್ತು. ಸುತ್ತಲಿನ ಗೋಪಾಲಕರ ದನಗಳಿಗೆ ಲಸಿಕೆ ಹಾಕಿದೊಡನೆ ಕಾಡಿನಲ್ಲಿಯೂ ರೋಗ ಅಡಗಿತು. 1960ರ ದಶಕದ ಆರಂಭದಲ್ಲಿ ಸುಮಾರು ಎರಡೂವರೆ ಲಕ್ಷವಿದ್ದ ವಿಲ್ಡಬೀಸ್ಟ್‌ಗಳು 1970ರ ದಶಕ ಮುಗಿಯುವಷ್ಟರಲ್ಲಿ ಹತ್ತು ಲಕ್ಷವನ್ನು ದಾಟಿದವು. ದನಕ್ಕೆ ಕೊಟ್ಟ ಮದ್ದು ಮೃಗವನ್ನು ಉಳಿಸಿತು! ಗಡಿಕಲ್ಲು ನೆಟ್ಟ ಮಾತ್ರಕ್ಕೆ ಎರಡು ಬಾಳುಗಳು ಬೇರೆಯಾಗುವುದಿಲ್ಲವಷ್ಟೆ.

ಸ್ವಾಹಿಲಿ ಭಾಷೆಯಲ್ಲಿ ‘ಸಫಾರಿ’ ಎಂದರೆ ಪ್ರಯಾಣ. ಇಂದು ದೇಶವಿದೇಶಗಳ ಜನ ಆ ಪ್ರಯಾಣಕ್ಕಾಗಿ ತೆರುವ ಹಣವು ಉದ್ಯಾನಗಳ ರಕ್ಷಣೆಗೆ ದೊಡ್ಡ ಆಧಾರವಾಗಿದೆ. ಮಾರಾ ನದಿಯಲ್ಲಿ ಮೊಸಳೆಗಳ ನಡುವೆ ಧುಮುಕಿ ದಡ ಸೇರುವ ಹಿಂಡುಗಳನ್ನು ಕಾಣುವವರು, ಆ ಹಾದಿ ತೆರೆದಿರಲೆಂದು ಪ್ರಾಣವಿತ್ತವನನ್ನೂ, ನೆಲವನ್ನು ಬಿಟ್ಟುಕೊಟ್ಟವರನ್ನೂ ನೆನೆಯಬೇಕು.

ತಂದೆ ಬರ್ನ್‌ಹಾರ್ಡ್ 1987ರಲ್ಲಿ ತೀರಿಕೊಂಡರು. ಅವರ ಚಿತಾಭಸ್ಮವೂ ಆ ಕಲ್ಲುಗಳ ಕೆಳಗೆ, ಮಗನ ಪಕ್ಕದಲ್ಲಿಯೇ ಇದೆ.