ಚೀನಾದಲ್ಲಿ ಬಾಡಿಗೆಮನೆಯ ಬದುಕು

ವಿದ್ಯಾಭ್ಯಾಸ, ಉದ್ಯೋಗಗಳ ನಿಮಿತ್ತ ಚೀನಾಕ್ಕೆ ತೆರಳುವವರು ನಮ್ಮ ನಾಡಿನ ಕುಟುಂಬಗಳಲ್ಲಿಯೂ ಇದ್ದಾರೆ. ಹೊರಟ ಮಕ್ಕಳ ಊಟ, ಭಾಷೆಗಳ ಬಗೆಗೆ ಹಿರಿಯರು ಚಿಂತಿಸುತ್ತಾರೆ. ಅವರು ನೆಲೆಸುವ ಮನೆಯ ರೀತಿನೀತಿಗಳನ್ನು ವಿಚಾರಿಸುವುದು ವಿರಳ. ಪರನಾಡಿನಲ್ಲಿ ನೆಮ್ಮದಿಯ ಬಹುಪಾಲು ನಿಂತಿರುವುದು ಮನೆಯ ಮೇಲೆಯೇ.

ಅಲ್ಲಿನ ನಗರವಾಸಿಗಳಲ್ಲಿ ಅನೇಕರು ‘ಶಿಯಾವ್‌ಚು’ ಎಂಬ ವಸತಿ ಆವರಣಗಳಲ್ಲಿ ವಾಸಿಸುತ್ತಾರೆ. ಸುತ್ತಲೂ ಗೋಡೆ, ಹೆಬ್ಬಾಗಿಲಲ್ಲಿ ಕಾವಲುಗಾರ, ಒಳಗೆ ಸಾಲುಸಾಲಾಗಿ ಬಹುಮಹಡಿ ಕಟ್ಟಡಗಳು. ಐದಾರು ಅಂತಸ್ತಿನ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲದಿರುವುದುಂಟು. ನಾವು ನೆಲ ಅಂತಸ್ತು ಎನ್ನುವುದು ಅವರಿಗೆ ಮೊದಲನೆಯದು. ಚೀನೀ ಭಾಷೆಯಲ್ಲಿ ನಾಲ್ಕು ಎಂಬ ಪದದ ಉಚ್ಚಾರವು ಸಾವು ಎಂಬ ಪದವನ್ನು ಹೋಲುವುದರಿಂದ ಕೆಲವು ಕಟ್ಟಡಗಳಲ್ಲಿ ಆ ಸಂಖ್ಯೆಯನ್ನೇ ಕೈಬಿಡುತ್ತಾರೆ.

ಒಂದು ತಿಂಗಳ ಬಾಡಿಗೆಯನ್ನು ಠೇವಣಿಯಾಗಿ, ಮೂರು ತಿಂಗಳದ್ದನ್ನು ಮುಂಗಡವಾಗಿ ಕೊಡುವುದು ಸಾಮಾನ್ಯ ರೂಢಿ. ಆದರೆ ಹಣಕ್ಕಿಂತ ಮುಖ್ಯವಾದುದು ನೋಂದಣಿ. ಹೋಟೆಲಿನಲ್ಲಿ ಇಳಿದವರ ನೋಂದಣಿಯನ್ನು ಹೋಟೆಲಿನವರೇ ಮಾಡುತ್ತಾರೆ. ಮನೆಯಲ್ಲಿ ನೆಲೆಸುವ ವಿದೇಶೀಯರು, ಇಲ್ಲವೆ ಅವರಿಗೆ ಆಶ್ರಯವಿತ್ತವರು, 24 ಗಂಟೆಗಳೊಳಗಾಗಿ ಸ್ಥಳೀಯ ಪೊಲೀಸರಲ್ಲಿ ನೋಂದಾಯಿಸಬೇಕು. 2013ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನಿನಂತೆ ತಪ್ಪಿದವರಿಗೆ ಎಚ್ಚರಿಕೆ ನೀಡಬಹುದು, 2,000 ಯುವಾನ್‌ವರೆಗೆ ದಂಡವನ್ನೂ ವಿಧಿಸಬಹುದು. ಆದುದರಿಂದ ನೋಂದಣಿಗೆ ಸಮ್ಮತಿಸದ ಮಾಲೀಕನ ಮನೆ ಎಷ್ಟೇ ಅಗ್ಗವಾಗಿದ್ದರೂ ಅದನ್ನು ಒಪ್ಪಬಾರದೆಂಬುದೇ ನಮ್ಮ ಸಲಹೆ.

ಚಳಿಗಾಲದ ವಿಚಾರವೂ ಗಮನಾರ್ಹ. ಬೀಜಿಂಗಿನಲ್ಲಿ ಸಾಮಾನ್ಯವಾಗಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಕೇಂದ್ರೀಯ ವ್ಯವಸ್ಥೆಯಿಂದ ಕೊಳವೆಗಳ ಮೂಲಕ ಮನೆಮನೆಗೆ ಶಾಖವನ್ನು ಒದಗಿಸುತ್ತಾರೆ. ಚಿನ್‌ಲಿಂಗ್ ಪರ್ವತ ಹಾಗೂ ಹುವಾಯ್ ನದಿಯ ರೇಖೆಯಿಂದ ದಕ್ಷಿಣಕ್ಕೆ ಈ ಸೌಕರ್ಯ ಸಾಮಾನ್ಯವಾಗಿ ಇಲ್ಲ. ಶಾಂಘೈಯಲ್ಲಿ ಮನೆಯೊಳಗೂ ಸ್ವೆಟರ್ ಬೇಕಾಗುತ್ತದೆ. ನಮ್ಮಲ್ಲಿ ದಕ್ಷಿಣದ ಬಾಗಿಲೆಂದರೆ ಹಿಂಜರಿಯುವವರಿದ್ದಾರೆ. ಅಲ್ಲಿ ದಕ್ಷಿಣಕ್ಕೆ ತೆರೆದ ಕೋಣೆಗೇ ಹೆಚ್ಚು ಬೇಡಿಕೆ. ಚಳಿಗಾಲದ ಬಿಸಿಲು ಒಳಬರುವುದು ಆ ದಿಕ್ಕಿನಿಂದಲೇ.

ನಮಗೆ ಆಪ್ತವೆನಿಸುವ ಪದ್ಧತಿಗಳೂ ಕಡಮೆಯಿಲ್ಲ. ಪಾದರಕ್ಷೆಯನ್ನು ಬಾಗಿಲಲ್ಲೇ ಬಿಡಬೇಕು. ಒಳಗೆ ತೊಡಲು ಅತಿಥಿಗೆ ಬೇರೆ ಚಪ್ಪಲಿ ಕೊಡುತ್ತಾರೆ. ನಲ್ಲಿಯ ನೀರನ್ನು ಕಾಯಿಸಿಯೇ ಕುಡಿಯುತ್ತಾರೆ. ವಸಂತೋತ್ಸವ ಬಂತೆಂದರೆ, ನಾವು ಹಬ್ಬಕ್ಕೆ ತೋರಣ ಕಟ್ಟುವಂತೆ, ಬಾಗಿಲಿನ ಇಕ್ಕೆಲಗಳಲ್ಲಿ ಶುಭವಾಕ್ಯಗಳ ಕೆಂಪು ಕಾಗದ ಅಂಟಿಸುತ್ತಾರೆ. ಸಂಜೆ ಬಯಲುಗಳಲ್ಲಿ ಹಿರಿಯ ಮಹಿಳೆಯರು ಸಾಲಾಗಿ ನಿಂತು ಸಂಗೀತಕ್ಕೆ ಹೆಜ್ಜೆ ಹಾಕುತ್ತಾರೆ. ಅಜ್ಜ-ಅಜ್ಜಿಯರು ಮೊಮ್ಮಕ್ಕಳನ್ನು ಆಡಿಸುತ್ತಾರೆ.

ಬೀಗದ ಕೈ ದೊರೆತೊಡನೆ ಯಾರೂ ನೆರೆಹೊರೆಯವರಾಗುವುದಿಲ್ಲ. ಅಲ್ಲಿನ ನಿಯಮವನ್ನು ಗೌರವಿಸಿ, ಎದುರುಮನೆಯ ಹಿರಿಯರನ್ನು ಕಂಡಾಗ ‘ನಿ ಹಾವ್’ ಎಂದು ಮಾತನಾಡಿಸುವುದನ್ನು ಮಕ್ಕಳಿಗೆ ಹೇಳಿಕೊಟ್ಟು ಕಳುಹಿಸೋಣ. ಕಷ್ಟಕಾಲದಲ್ಲಿ ಮೊದಲು ಒದಗುವುದು ಆ ಎದುರುಮನೆಯೇ ಅಲ್ಲವೆ?