ಗೇಣಿನ ಲೆಕ್ಕ, ಟೇಪಿನ ಲೆಕ್ಕ

ಕನ್ನಡಿ ಕೂರಿಸಲು ಯಾಡಿ ಅಂಟು ಹಚ್ಚುವುದಿಲ್ಲ, ಪೆನ್ಸಿಲ್ಲಿನಿಂದ ಗುರುತೂ ಹಾಕುವುದಿಲ್ಲ. ಎಡಗೈ ಹೆಬ್ಬೆರಳಿನಿಂದ ಬಿಲ್ಲೆಯನ್ನು ಬಟ್ಟೆಗೆ ಒತ್ತಿ ಹಿಡಿಯುತ್ತಾರೆ. ಅದರ ಮೇಲೆ ಅಡ್ಡ ಎರಡೆಳೆ, ಉದ್ದ ಎರಡೆಳೆ ದಾರ ಹಾಯಿಸಿ ಬಿಗಿಯುತ್ತಾರೆ. ಆಮೇಲೆ ಸೂಜಿ ಆ ಎಳೆಗಳನ್ನೇ ಹಿಡಿದು ಸುತ್ತ ಹೆಣೆಯುತ್ತಾ ಹೋಗುತ್ತದೆ. ಒಂದು ಸುತ್ತು ಮುಗಿಯುವ ಹೊತ್ತಿಗೆ ಎಳೆಗಳು ಅಂಚಿಗೆ ಸರಿದು, ಕನ್ನಡಿ ಬಟ್ಟೆಯಲ್ಲೇ ಹುಟ್ಟಿದಂತೆ ಕೂತಿರುತ್ತದೆ. ತಿಕೋಟಾ ಸೀಮೆಯ ತಾಂಡಾವೊಂದರ ಈ ಹಿರಿಯರನ್ನು ಎಲ್ಲರೂ ಕರೆಯುವುದು ಯಾಡಿ ಎಂದೇ. ಲಂಬಾಣಿ ಮಾತಿನಲ್ಲಿ ಹಾಗೆಂದರೆ ತಾಯಿ. ವಯಸ್ಸು ಕೇಳಿದರೆ ಬರಗಾಲಗಳ ಲೆಕ್ಕ ಹೇಳುತ್ತಾರೆ.

ಅವರ ಮದುವೆಯ ಕಾಂಚಳಿ ಇನ್ನೂ ಟ್ರಂಕಿನಲ್ಲಿದೆ. ಬೆನ್ನಿಗೆ ಕಸಿ ಕಟ್ಟುವ ಆ ಕುಪ್ಪಸದ ಮುಂಭಾಗದಲ್ಲಿ ಬೆರಳಿಡಲು ಬರಿಯ ಜಾಗವಿಲ್ಲ. ಕನ್ನಡಿ, ಕವಡೆ, ಹಳೆಯ ನಾಣ್ಯ, ನಡುನಡುವೆ ಕೆಂಪು, ಹಳದಿ, ನೀಲಿ ದಾರ. ಎಡಭಾಗಕ್ಕೂ ಬಲಭಾಗಕ್ಕೂ ಹೋಲಿಕೆಯಿದೆ, ಆದರೆ ಎರಡೂ ಒಂದೇ ಅಲ್ಲ. ಒಂದು ಕಡೆ ತ್ರಿಕೋನ ಮೇಲ್ಮುಖ, ಇನ್ನೊಂದು ಕಡೆ ಕೆಳಮುಖ. ನೀರಿನ ಕೊಡ ಹೊರುವ ಸಿಂಬಿಗೂ ಅವರು ಕವಡೆಯ ಸಾಲು ಹೊಲಿದಿದ್ದಾರೆ. ತಲೆಯ ಮೇಲೆ ಕೊಡದಡಿ ಅಡಗಿ ಕೂರುವ ವಸ್ತುವಿಗೂ ಇಷ್ಟು ಅಲಂಕಾರ. ಆ ಸಿಂಬಿಯನ್ನು ನಾನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ.

ಇಂಥ ಕೈಯನ್ನು ಮಾರುಕಟ್ಟೆಗೆ ಅಣಿಗೊಳಿಸುವುದು ಹೇಗೆ? ವಿಜಯಪುರದಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಿದ್ದಾರೆ. ಮಲ್ಲಮ್ಮ ಯಾಳವಾರ ಅವರು 1986ರಲ್ಲಿ ಕಟ್ಟಿದ ‘ಸಬಲಾ’ ಸಂಸ್ಥೆ ಲಂಬಾಣಿ ಹೆಣ್ಣುಮಕ್ಕಳ ಸೂಜಿಯನ್ನು ಸಂಪಾದನೆಯ ದಾರಿಯಾಗಿ ಕಂಡಿತು. ಹೆಣ್ಣುಮಕ್ಕಳಿಗೆ ಸಾಲ ಸಿಗದೆ ಯಾವ ಕಸುಬೂ ನಿಲ್ಲದೆಂದು ಚೈತನ್ಯ ಮಹಿಳಾ ಸಹಕಾರಿ ಬ್ಯಾಂಕನ್ನೂ ಕಟ್ಟಿದವರು ಅವರೇ. 2017ರಲ್ಲಿ ಆಶಾ ಪಾಟೀಲ ಅವರು ಆರಂಭಿಸಿದ ‘ಬಂಜಾರಾ ಕಸೂತಿ’ ಇದೇ ಕಲೆಯನ್ನು ನಗರದ ಇಂದಿನ ಉಡುಪಿನ ಜೊತೆ ಸೇರಿಸಲು ಹೊರಟಿತು.

ಸೂಜಿ ಸಂಪಾದನೆಯ ದಾರಿಯಾಗಬೇಕಾದದ್ದು ಏಕೆಂದು ತಿಳಿಯಲು ತುಸು ಹಿಂದಕ್ಕೆ ಹೋಗಬೇಕು. ಲಂಬಾಣಿಗರ ಚರಿತ್ರೆಯನ್ನು ತಾಂಡಾದ ನಾಯಕರು ಎತ್ತಿನಿಂದಲೇ ಶುರು ಮಾಡುತ್ತಾರೆ. ಹೇರೆತ್ತುಗಳ ಮೇಲೆ ಉಪ್ಪು, ದವಸ ಹೊತ್ತು ಊರೂರು ಸುತ್ತಿದವರು, ಮೊಗಲರ ದಂಡಿಗೆ ಧಾನ್ಯ ಪೂರೈಸುತ್ತಾ ದಖ್ಖನಿಗೆ ಇಳಿದವರು. 1686ರಲ್ಲಿ ಔರಂಗಜೇಬ ವಿಜಾಪುರವನ್ನು, ಅಂದರೆ ಇಂದಿನ ವಿಜಯಪುರವನ್ನು, ಗೆದ್ದಾಗ ಕೋಟೆಯ ಹೊರಗೆ ತಮ್ಮವರ ಎತ್ತುಗಳಿದ್ದವು ಎಂದು ನಾಯಕರು ಹೆಮ್ಮೆಯಿಂದ ಹೇಳುತ್ತಾರೆ. 1880ರ ದಶಕದಲ್ಲಿ ಈ ಊರಿಗೆ ರೈಲು ಬಂತು. ಉಪ್ಪು ವ್ಯಾಗನ್ನು ಹತ್ತಿತು, ಎತ್ತು ಹಟ್ಟಿಯಲ್ಲಿ ಉಳಿಯಿತು. ಮುಂದಿನದು ಕಲ್ಲು ಒಡೆಯುವ, ರಸ್ತೆ ಹಾಕುವ, ಕಬ್ಬು ಕಡಿಯುವ ಕಥೆ.

ಈ ಹೆಣ್ಣುಮಕ್ಕಳನ್ನು ಮಾರುಕಟ್ಟೆಗೆ ಅಣಿಗೊಳಿಸುವ ತರಬೇತಿಯ ಮೊದಲ ಪಾಠ ಸೂಜಿಯದಲ್ಲ, ಟೇಪಿನದು. ಯಾಡಿ ಅಳೆಯುವುದು ಗೇಣಿನಲ್ಲಿ, ಬೆರಳಿನಲ್ಲಿ. ಆರ್ಡರ್ ಬರುವುದು 40 ಸೆಂಟಿಮೀಟರ್ ಚೌಕದ ದಿಂಬಿನ ಕವರಿಗೆ, ಅದೂ ಇಪ್ಪತ್ತು ಒಂದೇ ಥರ. ಮೂರನೆಯದು ಮುಗಿಯುವಷ್ಟರಲ್ಲಿ ಅವರ ಕೈ ಬೇರೆ ದಾರಿ ಹಿಡಿದಿತ್ತು. ತರಬೇತಿ ಕೊಡುವ ಯುವತಿ ಮೆಲ್ಲಗೆ, “ಯಾಡಿ, ಇದು ಮೊದಲಿಂದರಂಗ ಇಲ್ಲಲ್ರೀ” ಎಂದಳು. “ಮಾಡಿದ್ದನ್ನ ಮತ್ತ ಮಾಡಂದ್ರ ಕೈಗೆ ಬ್ಯಾಸರಾಗ್ತೈತಿ ತಂಗಿ” ಎಂಬುದು ಉತ್ತರ. ಇಬ್ಬರ ಮಾತೂ ಸರಿ. ಕೊನೆಗೆ ಆ ಯುವತಿ ಒಂದು ದಾರಿ ಕಂಡುಕೊಂಡಳು: ಅಂಚು, ಅಳತೆ, ಬಣ್ಣ ಎಲ್ಲಕ್ಕೂ ಒಂದೇ ಇರಲಿ, ನಡುವಿನ ಹೂವು ಹೊಲಿಯುವವರ ಇಷ್ಟ. ಕಲಿಸುವವರು ತಾವೂ ಕಲಿಯುವುದೆಂದರೆ ಇದೇ ಎಂದು ನನಗೆ ಅನ್ನಿಸಿತು.

ಉಳಿದ ಪಾಠಗಳು ಸಣ್ಣವು, ಆದರೆ ಮಾಲು ವಾಪಸು ಬರುವುದು ಇವುಗಳಲ್ಲಿ ತಪ್ಪಿದಾಗಲೇ. ಹತ್ತಿ ಬಟ್ಟೆಯನ್ನು ಮೊದಲೇ ತೊಳೆದು ಕುಗ್ಗಿಸಿಕೊಳ್ಳಬೇಕು. ಕೆಂಪು ದಾರವನ್ನು ಒದ್ದೆ ಬಿಳಿ ಬಟ್ಟೆಗೆ ಒತ್ತಿ ಬಣ್ಣ ಬಿಡುತ್ತದೆಯೇ ನೋಡಬೇಕು. ಹಿಂಬದಿಯ ಗಂಟು ಕಾಣದಂತೆ ಅಸ್ತರು ಕೊಡಬೇಕು.

ಎಲ್ಲಕ್ಕಿಂತ ಕಷ್ಟದ್ದು ಬೆಲೆಯ ಪಾಠ. ಕವರೊಂದಕ್ಕೆ ಎರಡು ದಿನ ಹಿಡಿಯುತ್ತದೆ ಎನ್ನೋಣ. ದಿನಕ್ಕೆ 350 ರೂಪಾಯಿ ಕೂಲಿ ಹಿಡಿದರೆ 700. ಬಟ್ಟೆ, ದಾರ, ಕನ್ನಡಿಗೆ 150. ಬಸ್ ಚಾರ್ಜು, ಪ್ಯಾಕಿಂಗು, ಅಂಗಡಿಯವರ ಪಾಲು ಇನ್ನೂ ಸೇರಿಲ್ಲ, ಆಗಲೇ 850 ಆಯಿತು. ಬೋರ್ಡಿನ ಮೇಲೆ ಈ ಲೆಕ್ಕ ಬರೆದಾಗ ಬಬಲೇಶ್ವರದ ಕಡೆಯಿಂದ ಬಂದ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಇಂಥದ್ದನ್ನು ಮುನ್ನೂರಕ್ಕೆ ಕೊಟ್ಟು, ಮಾರಾಟವಾಯಿತಲ್ಲ ಎಂದು ಖುಷಿಪಟ್ಟವರು ಅವರಲ್ಲಿದ್ದರು. ತಮ್ಮ ಹೊತ್ತಿಗೂ ಬೆಲೆಯಿದೆ ಎಂದು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಸರ್ಕಾರದ ಯೋಜನೆಗಳೂ ಇವೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ತರಬೇತಿಯ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ, ಶೇ 5ರ ಬಡ್ಡಿಗೆ ಸಾಲ. ಆದರೆ ಅದರ 18 ಕಸುಬುಗಳ ಪಟ್ಟಿಯಲ್ಲಿ ದರ್ಜಿಯ ಕೆಲಸವಿದೆ, ಕಸೂತಿ ಇಲ್ಲ. ಭೌಗೋಳಿಕ ಸೂಚ್ಯಂಕದ ಮಾತೂ ಹಾಗೆಯೇ. 2010ರಲ್ಲಿ ಅದು ದೊರೆತದ್ದು ಸಂಡೂರಿನ ಲಂಬಾಣಿ ಕಸೂತಿಗೆ. ಸಂಡೂರಿನವರು ಕಿಲನ್, ವೇಲೆ, ಬಕ್ಕ್ಯಾ, ಮಕಿ, ಪೋಟೆ, ನಕ್ರಾ ಎಂದು 14 ಬಗೆಯ ಹೊಲಿಗೆ ಎಣಿಸುತ್ತಾರೆ. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ವೇಳೆ 450ಕ್ಕೂ ಹೆಚ್ಚು ಹೆಣ್ಣುಮಕ್ಕಳ 1,755 ಕಸೂತಿಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆಯನ್ನೂ ಮಾಡಿದರು. ಅದು ಅವರ ದಶಕಗಳ ದುಡಿಮೆಯ ಫಲ. ಅದೇ ಸಮುದಾಯದ ವಿಜಯಪುರದ ಹೆಣ್ಣುಮಕ್ಕಳು ಮಾತ್ರ ಆ ಹೆಸರಿನಲ್ಲಿ ಮಾರುವಂತಿಲ್ಲ. ಗೋಳಗುಮ್ಮಟ ನೋಡಿ ಹೋಗುವ ಸಾವಿರಾರು ಪ್ರವಾಸಿಗರಲ್ಲಿ ಎಷ್ಟು ಜನರ ಚೀಲದಲ್ಲಿ ಈ ತಾಂಡಾಗಳ ಒಂದು ಬಟ್ಟೆಯಾದರೂ ಹೋಗುತ್ತಿದೆ? ಜಿಲ್ಲಾಡಳಿತ ಯೋಚಿಸಬೇಕು.

ದೊಡ್ಡ ಅಡ್ಡಿ ಕ್ಯಾಲೆಂಡರಿನದು. ದಸರೆ ದಾಟುತ್ತಿದ್ದಂತೆ ಮುಕಾದಮರ, ಅಂದರೆ ಕೂಲಿ ಗುತ್ತಿಗೆದಾರರ, ಮುಂಗಡ ಪಡೆದ ಕುಟುಂಬಗಳು ಕಬ್ಬು ಕಡಿಯಲು ಸಾಂಗ್ಲಿ, ಕೊಲ್ಹಾಪುರದ ಕಡೆಗೆ ಹೊರಡುತ್ತವೆ. ನಗರದಲ್ಲಿ ಹಬ್ಬದ, ಮದುವೆಯ ಖರೀದಿ ಏರುವುದೂ ಆಗಲೇ. ಆರ್ಡರ್ ಇರುವಾಗ ಕೈಗಳಿಲ್ಲ, ಕೈಗಳಿರುವ ಬೇಸಿಗೆಯಲ್ಲಿ ಆರ್ಡರ್ ಇಲ್ಲ. ಆರು ತಿಂಗಳ ಆರ್ಡರನ್ನು ಮೊದಲೇ ಕೊಟ್ಟು ಮುಂಗಡ ಹಣ ಕೊಡುವ ಖರೀದಿದಾರರು ಸಿಕ್ಕರೆ ಕೆಲವು ಮನೆಗಳಾದರೂ ಕಬ್ಬಿನ ಗದ್ದೆಗೆ ಹೋಗದೆ ಉಳಿದಾವು. ವಾರದ ತರಬೇತಿಗಿಂತ ಈ ವರ್ಷಗಟ್ಟಲೆಯ ಬೆಂಬಲವೇ ಮುಖ್ಯ ಎಂದು ನನ್ನ ನಂಬಿಕೆ.

ಈಗ ತರಬೇತಿಯ ಹುಡುಗಿಯರ ಕೈಯಲ್ಲಿ ಮೊಬೈಲ್ ಕವರು, ಕೈಚೀಲ, ರವಿಕೆಯ ತೋಳು ಚೆನ್ನಾಗಿ ಮೂಡುತ್ತಿವೆ. ಅವಕ್ಕೆ ನಾಲ್ಕೈದು ಬಗೆಯ ಹೊಲಿಗೆ ಸಾಕು. ಯಾಡಿಯ ಕಾಂಚಳಿಯ ಅಂಚಿನಲ್ಲಿ ಒತ್ತೊತ್ತಾಗಿ ಹೆಣೆದ ಒಂದು ಪಟ್ಟಿಯಿದೆ, ಬೆರಳಗಲಕ್ಕೆ ಒಂದಿಡೀ ದಿನ ತಿನ್ನುವಂಥದ್ದು. ಎರಡು ತಿಂಗಳು ಎದುರಿಗೆ ಕೂತರೆ ಕಲಿಸಿಕೊಡುತ್ತೇನೆ ಎನ್ನುತ್ತಾರೆ. ಕಲಿಯಲು ಮೊಮ್ಮಗಳಿಗೂ ಮನಸ್ಸಿದೆ. ಆ ಎರಡು ತಿಂಗಳ ಕೂಲಿಯನ್ನು ಕಟ್ಟಿಕೊಡುವವರು ಬೇಕಾಗಿದ್ದಾರೆ. ಆ ಪಟ್ಟಿಗೆ ಇನ್ನೂ ಯಾವ ಆರ್ಡರೂ ಬಂದಿಲ್ಲ.